ನೀರಕ್ಕನ ಕೈಯ ಕಪ್ಪು ಬಣ್ಣ

ಬೆಳಗಿನ ಐದೂವರೆ. ಪ್ರಯೋಗಾಲಯದ ಉದ್ದನೆಯ ಗಾಜಿನ ತೊಟ್ಟಿಯ ಮುಂದೆ ನೀರಕ್ಕ ಟಾರ್ಚ್ ಹಿಡಿದು ಬಗ್ಗಿದ್ದಾರೆ. ರಾತ್ರಿಯಿಡೀ ನಿಂತ ನೀರಿನಲ್ಲಿ ಗುಳ್ಳೆ ಉಳಿದಿದೆಯೇ? ಒಂದೂ ಇಲ್ಲ. ಹಳೆಯ ಹತ್ತಿ ಬಟ್ಟೆಯಿಂದ ಗಾಜನ್ನು ಇನ್ನೊಮ್ಮೆ ಒರೆಸುತ್ತಾರೆ.

ನೀರಿನ ನಡುವೆ ವಿಮಾನದ ರೆಕ್ಕೆಯ ಮಾದರಿಯಾದ, ಅಂಗೈಯಗಲದ ಲೋಹದ ರೆಕ್ಕೆಯೊಂದಿದೆ. ಹಿಟ್ಟಿಗಿಂತ ನುಣ್ಣನೆಯ ಕಣಗಳನ್ನು ಬೆರೆಸಿ, ನೀರು ಹರಿಸಿ, ಹಸಿರು ಲೇಸರ್ ಬೆಳಕನ್ನು ತೆಳು ಹಾಳೆಯಂತೆ ಹಾಯಿಸಿದರೆ ಕಣಗಳು ಮಿನುಗುತ್ತವೆ. ರೆಪ್ಪೆ ಬಡಿಯುವುದರೊಳಗೆ ಕ್ಯಾಮೆರಾ ಎರಡು ಚಿತ್ರ ತೆಗೆಯುತ್ತದೆ. ಅಷ್ಟರಲ್ಲಿ ಕಣ ಎಷ್ಟು ಸರಿಯಿತೋ ಅದರಿಂದ ನೀರಿನ ವೇಗ ತಿಳಿಯುತ್ತದೆ. ದಿನಕ್ಕೆ ಎರಡು ಸಾವಿರ ಜೋಡಿ ಚಿತ್ರ. ಲೆಕ್ಕ ಸಂಶೋಧಕರದು; ನೀರು ಸೋಸುವುದು, ರೆಕ್ಕೆ ಹೊಳೆಯದಂತೆ ಕಪ್ಪು ಬಣ್ಣ ಬಳಿಯುವುದು ಇಪ್ಪತ್ತೊಂಬತ್ತು ವರ್ಷಗಳಿಂದ ನೀರಕ್ಕನ ಪಾಲು. ಗಂಡ ತೀರಿಕೊಂಡ ವರ್ಷ ನೆಲ ಒರೆಸಲು ಬಂದವರು, ನೋಡಿ ನೋಡಿಯೇ ಕಲಿತರು. ನಿಜವಾದ ಹೆಸರು ಹಾಜರಿ ಪುಸ್ತಕಕ್ಕಷ್ಟೇ ಗೊತ್ತು.

ಕಳೆದ ವಾರ ಚಿತ್ರಗಳಲ್ಲಿ ಯಾರೂ ಕಂಡಿರದ ಸುಳಿಯೊಂದು ಕಾಣಿಸಿತು. ಬರುವ ಸೋಮವಾರ ತಜ್ಞರ ಮುಂದೆ ಪ್ರಬಂಧ ಮಂಡಿಸಬೇಕಾದ ಸಂಶೋಧಕಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನೀರಕ್ಕನಿಗೆ ಮಾತ್ರ ತಾವು ಬಳಿದ ಬಣ್ಣದ ಮೇಲೇ ಅನುಮಾನ. ನಿನ್ನೆ ರೆಕ್ಕೆ ಬಿಚ್ಚಿ, ಮುಂದಿನ ಅಂಚಿನ ಮೇಲೆ ಉಗುರು ಎಳೆದರು. ತಾವೇ ಬಳಿದ ಬಣ್ಣ ಅಲ್ಲಿ ಕೂದಲೆಳೆಯಷ್ಟು ಉಬ್ಬಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

“ಆ ಸುಳಿ ನೀರಿಂದಲ್ಲ ಕಣಮ್ಮ, ನನ್ನ ಬ್ರಷ್ಷಿಂದು,” ಎಂದುಬಿಟ್ಟರು.

ಸಂಶೋಧಕಿ ಆ ಅಂಚಿನ ಮೇಲೆ ತಾನೂ ಉಗುರು ಎಳೆದು ನೋಡಿದಳು. ಆಮೇಲೆ ಸ್ಟೂಲ್ ಎಳೆದು ತಂದಳು. “ಕೂತ್ಕೊಂಡು ಕೆರೀರಿ. ಮಂಡಿ ನೋವು ಅಂತೀರಲ್ಲ.” ಇಬ್ಬರೂ ಸೇರಿ ಕೆರೆದು, ತೆಳುವಾಗಿ ಬಳಿದು, ಒಣಗಿಸಿ, ಸಂಜೆಗೆ ತೊಟ್ಟಿ ತುಂಬಿಸಿದರು.

ಈಗ ಸಂಶೋಧಕಿ ಬರುತ್ತಾಳೆ. ಲೇಸರ್ ಕಣ್ಣಿಗೆ ತಾಗದಂತೆ ಇಬ್ಬರೂ ಕಿತ್ತಳೆ ಬಣ್ಣದ ಕನ್ನಡಕ ಏರಿಸುತ್ತಾರೆ.

“ಒಳ್ಳೆ ಗೂಬೆ ಜೋಡಿ,” ಎನ್ನುತ್ತಾರೆ ನೀರಕ್ಕ.

ಹಸಿರು ಬೆಳಕು ಹಾಯುತ್ತದೆ. ಪರದೆಯ ಮೇಲೆ ನೀರು ರೆಕ್ಕೆಗೆ ಅಂಟಿಕೊಂಡೇ ಜಾರುತ್ತದೆ. ಸುಳಿಯಿಲ್ಲ.

“ಹೋಯ್ತಲ್ಲ ತಾಯಿ. ಸೋಮವಾರ ಏನು ತೋರಿಸ್ತೀಯ?”

“ಇದನ್ನೇ. ದೊಡ್ಡದೇನಲ್ಲ, ಆದ್ರೆ ಯಾರು ಕೆದಕಿದ್ರೂ ನಿಲ್ಲುತ್ತೆ. ಪ್ರಬಂಧದಲ್ಲಿ ನಿಮ್ಮ ಹೆಸರು ಹಾಕ್ತೀನಿ ನೀರಕ್ಕ.”

ನೀರಕ್ಕ ಗಾಜಿನ ಅಂಚಿನಲ್ಲಿದ್ದ ತಮ್ಮದೇ ಬೆರಳಚ್ಚನ್ನು ಬಟ್ಟೆಯಿಂದ ಒರೆಸುತ್ತಾರೆ.

“ಹೆಸರು ಹಾಕೋದು ನಿನ್ನಿಷ್ಟ. ಚಿತ್ರದಲ್ಲಿ ನನ್ನ ಕೈ ಕಾಣ್ಬಾರ್ದು, ನಂಗೆ ಅಷ್ಟು ಸಾಕು.”