ಅವ್ವ ನೋಡಿದ ಭೂಗೋಳ

ಕಣ್ಣಿಗೆ ಬಿಟ್ಟ ಔಷಧದ ಹನಿ ಗಂಟಲಿಗೆ ಇಳಿದು ಕಹಿಯಾಗುತ್ತದೆ, ನಿಮಗೂ ಗೊತ್ತಿರಬೇಕು. ದೊಡವಾಡದ ಮನೆಯ ಪಡಸಾಲೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಕಂಪನಿ ಕೆಲಸ ಮಾಡುವ ನನಗೆ ಇವತ್ತು ಆ ಕಹಿ ತಾಗಿತು. ಕೂಡಲೇ ನೆನಪಾದದ್ದು ಒಂದು ಗಜ್ಜರಿ, ಅದೇ ಕ್ಯಾರೆಟ್.

ನನ್ನ ಬಿ.ಎ. ಕೊನೆಯ ವರ್ಷ ಕಾಲೇಜು ಮುಚ್ಚಿ, ಪಾಠವೆಲ್ಲ ಮೊಬೈಲಿಗೆ ಬಂದಿತ್ತು. ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಕಣ್ಣು ಮಿಟುಕಿಸಿದರೆ ಡಿಗ್ರಿ ಹಾರಿಹೋದೀತು ಎಂಬಂತೆ ದಿನವಿಡೀ ಆ ಅಂಗೈಯಗಲದ ಪರದೆಯನ್ನು ನೋಡಿದೆ. ಕಣ್ಣು ಕೆಂಪಾಗಿ ಉರಿಯತೊಡಗಿದವು. ಬೈಲಹೊಂಗಲದ ಡಾಕ್ಟರು ಹನಿ ಕೊಟ್ಟು, ಒಂದು ವಾರ ಮೊಬೈಲ್ ನೋಡಲೇಬೇಡ ಎಂದರು. ಆದರೆ ಕ್ಯಾಮೆರಾದಲ್ಲಿ ಮುಖ ಕಾಣದಿದ್ದರೆ ಹಾಜರಿ ಇಲ್ಲ, ಹಾಜರಿ ಇಲ್ಲದಿದ್ದರೆ ಪರೀಕ್ಷೆ ಇಲ್ಲ. ಕಣ್ಣು ಮುಚ್ಚಿ ಕುಳಿತು ನೋಡಿದೆ. "ನಿದ್ದಿ ಚಲೋ ಆತೇನವಾ?" ಎಂದರು ಸರ್. ಎಲ್ಲರೂ ನಕ್ಕರು. ಕಣ್ಣು ಬೇನೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

"ಸರಿ ಅತ್ಲಾಗ," ಎಂದಳು ಅವ್ವ. "ನೀ ಕೇಳ. ನೋಡೂದು ನಾ ನೋಡತೇನಿ."

ಅವ್ವನಿಗೆ ಅಕ್ಷರ ಬರದು. ತಲೆ ಮೇಲೆ ಸೆರಗು ಹೊದ್ದು ಮೊಬೈಲಿನ ಮುಂದೆ ಕುಳಿತಳು. ನಾನು ಕಣ್ಣಿಗೆ ಒದ್ದೆ ಬಟ್ಟೆ ಹಾಕಿಕೊಂಡು ಪಕ್ಕದಲ್ಲಿ ಮಲಗಿದೆ.

"ಮ್ಯಾಲ ದಪ್ಪ, ಕೆಳಗ ಸಣ್ಣ. ಥೇಟ್ ಗಜ್ಜರಿ."

"ದಕ್ಷಿಣ ಅಮೆರಿಕ ಬೇ ಅದು!"

"ಇರವಲ್ದ್ಯಾಕ. ಎಡಮಗ್ಗಲಕ ಉದ್ದಕ ಕಂದ ಬಣ್ಣ ಬಳದಾರ. ಹುಳಾ ಹತ್ತೇತೇನ?"

"ಗುಡ್ಡದ ಸಾಲು."

"ನಮ್ಮ ಎಲ್ಲಮ್ಮನ ಗುಡ್ಡಕಿಂತ ದೊಡ್ಡದೇನ?"

ಮೈಕ್ ಬಂದ್ ಮಾಡುವುದು ಮರೆತಿತ್ತು. ಸರ್ ಪಾಠ ನಿಲ್ಲಿಸಿದರು. "ನೀವ್ಯಾರ್ರಿ ಅವ್ವಾರ?"

"ಆಕಿ ತಾಯಿರಿ. ಡಾಕ್ಟರ್ ಆಕಿಗೆ ಮೊಬೈಲ್ ನೋಡಬ್ಯಾಡ ಅಂದಾರ್ರಿ. ಆಕಿ ಕೇಳಾಕ ಹತ್ಯಾಳ, ನಾ ನೋಡಾಕ ಹತ್ತೇನಿ. ಇಬ್ಬರದೂ ಕೂಡಿ ಒಂದ ಹಾಜರಿ ಹಾಕ್ರಿ, ಸಾಕು."

ನಾನು ಒದ್ದೆ ಬಟ್ಟೆಯನ್ನು ಮುಖದ ತುಂಬ ಎಳೆದುಕೊಂಡೆ.

"ಹಾಕತೇನ್ರಿ," ಎಂದರು ಸರ್. "ಆದ್ರ ಗಜ್ಜರಿ ಬಲಮಗ್ಗಲಕ ಏನೈತಿ ಹೇಳ್ರಿ?"

"ನೀರರಿ. ಭಾಳ ನೀರ."

"ಬರೋಬ್ಬರಿ!"

ವಾರವೆಲ್ಲ ಹೀಗೇ ನಡೆಯಿತು. ಪರೀಕ್ಷೆಗೆ ಕುಳಿತೆ, ಪಾಸಾದೆ.

ಇವತ್ತು ಮೀಟಿಂಗಿನಲ್ಲಿ ನಾನೇ ಬಾಯಿಬಿಟ್ಟು ಹೇಳಿದೆ: "ಕಣ್ಣು ದಣಿದಿವೆ ಸರ್, ಮುಚ್ಚಿಕೊಂಡು ಕೇಳುತ್ತೇನೆ." ಆಗಲಿ ಎಂದರು, ಅಷ್ಟೇ. ಅಷ್ಟರಲ್ಲಿ ಅವ್ವ ಬಂದು ಪಕ್ಕದಲ್ಲಿ ಕುಳಿತಾಗಿತ್ತು.

"ಹಂಗಾರ ನಾ ನೋಡೂದು ಬ್ಯಾಡೇನ?"

ಕಂಪ್ಯೂಟರನ್ನು ಅವಳತ್ತ ತಿರುಗಿಸಿ ಕಣ್ಣು ಮುಚ್ಚಿದೆ.

"ಬರೇ ಗೆರಿ ಅದಾವಲೇ," ಎಂದಳು. "ನಮ್ಮ ಸರ್ ಇದಕಿಂತ ಚಲೋ ತೋರಸ್ತಿದ್ರು."