ಹನ್ನೊಂದು ನಲವತ್ತರ ಲಿನಕ್ಸ್

“ಮೇಡಂ, ಕಂಪ್ಯೂಟರಲ್ಲಿ ಬಂದಿದ್ದನ್ನೇ ಬರ್ದಿದ್ದೀನಿ. ಬರದೇ ಇರೋದನ್ನ ಹೆಂಗೆ ಬರೀಲಿ?” ಎಂದಳು ಪಲ್ಲವಿ, ಪ್ರಾಕ್ಟಿಕಲ್ ರೆಕಾರ್ಡನ್ನು ನನ್ನ ಮೇಜಿನ ಮೇಲಿಟ್ಟು.

ನಾನು ಚಿಂತಾಮಣಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುವವಳು. ಕಂಪ್ಯೂಟರಿನೊಳಗೇ ವರ್ಚುವಲ್ ಮಷೀನ್ ಎಂಬ ಇನ್ನೊಂದು ಕಂಪ್ಯೂಟರನ್ನು ಸೃಷ್ಟಿಸಿ, ಅದಕ್ಕೆ ವಿಂಡೋಸ್‌ನಂಥದ್ದೇ ಆದ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕುವುದು ಆ ವಾರದ ಪ್ರಯೋಗ. ನಮ್ಮ ಲ್ಯಾಬಿನಲ್ಲಿ ಅದು ಯಾರಿಗೂ ಬೂಟ್ ಆಗಿ ಶುರುವಾಗಿದ್ದಿಲ್ಲ. ಕಪ್ಪು ಪರದೆಗೇ ನಿಂತುಬಿಡುತ್ತದೆ. ಆದರೂ ಎಲ್ಲರ ರೆಕಾರ್ಡಿನಲ್ಲೂ ‘ಯಶಸ್ವಿ’ ಎಂದಿತ್ತು. ಕೆಳಗೆ ಸೀನಿಯರುಗಳ ರೆಕಾರ್ಡಿನಿಂದ ಝೆರಾಕ್ಸ್ ಮಾಡಿ ಅಂಟಿಸಿದ ಲಿನಕ್ಸ್ ಪರದೆಯ ಚಿತ್ರ. ಮೂಲೆಯ ಗಡಿಯಾರದಲ್ಲಿ ಎಲ್ಲರಿಗೂ ಹನ್ನೊಂದು ನಲವತ್ತು.

ಪಲ್ಲವಿ ಮಾತ್ರ ‘ಬೂಟ್ ಆಗಲಿಲ್ಲ’ ಎಂದು ಬರೆದು, ಕಾರಣವನ್ನೂ ಪತ್ತೆ ಹಚ್ಚಿದ್ದಳು: ಕಂಪ್ಯೂಟರಿನ ಬುಡದ ಬಯೋಸ್ ಸೆಟ್ಟಿಂಗಿನಲ್ಲಿ, ವರ್ಚುವಲ್ ಮಷೀನಿಗೆ ಬೇಕಾದ ವರ್ಚುವಲೈಸೇಶನ್ ಆಫ್ ಆಗಿದೆ, ಆನ್ ಮಾಡೋಣವೆಂದರೆ ಅದರ ಪಾಸ್‌ವರ್ಡ್ ಕಾಲೇಜಿನಲ್ಲಿ ಯಾರಿಗೂ ಗೊತ್ತಿಲ್ಲ. ಇಷ್ಟು ವರ್ಷ ನಾನು ಹುಡುಕುವ ಗೋಜಿಗೇ ಹೋಗದ ಕಾರಣ ಅದು.

“ಪರೀಕ್ಷೆ ಮಾಡೋಕೆ ಹೊರಗಿಂದ ಬರೋ ಎಕ್ಸ್‌ಟರ್ನಲ್‌ನವರು ನೋಡಿದ್ರೆ ನನ್ನನ್ನ ಕೇಳ್ತಾರಮ್ಮ. ಎಲ್ಲರ ಥರ ಬರ್ಕೊಂಡು ಬಾ” ಎಂದು ಆ ಪುಟಕ್ಕೆ ಕೆಂಪು ಗೀಟು ಎಳೆದೆ. ಮರುದಿನ ಅವಳೂ ಚಿತ್ರ ಅಂಟಿಸಿಕೊಂಡು ಬಂದಳು. ‘ಗುಡ್’ ಎಂದು ಬರೆದು ಸಹಿ ಹಾಕಿದೆ.

ಈ ವರ್ಷದ ರೆಕಾರ್ಡುಗಳಲ್ಲೂ ಗಡಿಯಾರ ಹನ್ನೊಂದು ನಲವತ್ತಕ್ಕೇ ನಿಂತಿದೆ. ಯಾರದ್ದನ್ನು ನೋಡಿ ಬರೆದಿರಿ ಎಂದು ಗದರಿದೆ. “ಪಲ್ಲವಿ ಅಕ್ಕಂದು ಮೇಡಂ” ಎಂದರು ಮಕ್ಕಳು, “ಅದ್ರಲ್ಲಿ ನೀವೇ ಗುಡ್ ಅಂತ ಹಾಕಿದ್ರಲ್ಲ.”