ಬರಿದಾದ ಪೀಠ ಕೊರೆದ ಮೈಸ್ಟರ್ ಫೋಲ್ಕ್‌ಮಾರ್

ಹಾರ್ಟ್ಸ್ ಬೆಟ್ಟದ ಬೆಳ್ಳಿಯನ್ನು ಎಲೆಯಷ್ಟು ತೆಳ್ಳಗೆ ಬಡಿದು, ಒಂದೇ ಮಗ್ಗುಲಿಗೆ ಮುದ್ರೆಯೊತ್ತುವ ನಮ್ಮ ಕಸುಬಿನಲ್ಲಿ, ಐಶೆನ್‌ರೋಡ ಟಂಕಸಾಲೆಯಿಂದ ಇಂದು ನಿವೃತ್ತರಾಗುತ್ತಿರುವ ಮೈಸ್ಟರ್ ಫೋಲ್ಕ್‌ಮಾರ್ ಅವರಂತೆ ನಾಣ್ಯದ ಅಚ್ಚು ಕೊರೆಯುವವರು ಇನ್ನೊಬ್ಬರಿಲ್ಲ. ವರ್ಷಕ್ಕೊಮ್ಮೆ ಹಳೆಯ ನಾಣ್ಯಗಳನ್ನು ರದ್ದುಮಾಡಿ, ತಮ್ಮ ಪಾಲು ಮುರಿದುಕೊಂಡು ಹೊಸದನ್ನು ಕೊಡುವುದು ನಮ್ಮೂರನ್ನಾಳುವ ಬಿಷಪ್ಪರ ರೂಢಿ. ಹಾಗಾಗಿ ಗುರುಗಳ ಕೃತಿಗಳಿಗೆ ಅಷ್ಟೇ ಆಯುಸ್ಸು. ಆದರೂ ಸಂತರ ಗಡ್ಡದ ಒಂದೆಳೆಯನ್ನೂ ಅವರು ಬಿಟ್ಟವರಲ್ಲ.

ಕುಲುಮೆಯ ಹೊಗೆಗೆ ಬೆಳ್ಳಿ ಬಡಿಯುವ ರುಪ್ರೆಖ್ಟನ ಕಣ್ಣು ಮಂಜಾದಾಗ, ಅವನನ್ನು ಹೊರಹಾಕಲು ಬಂದ ಮೇಲ್ವಿಚಾರಕನನ್ನು ಅವರು ತಡೆದರು. “ಬೆಳ್ಳಿ ತೆಳುವಾಯ್ತಾ ಅಂತ ಸದ್ದು ಕೇಳೋಕೆ ಕಣ್ಣು ಯಾಕ್ರೀ ಬೇಕು? ನಿಮಗೆ ಎರಡಿವೆ, ಏನು ಕಂಡ್ರಿ?”

ಬಿಷಪ್ಪರು ತೀರಿಕೊಂಡರು. ಅವರ ದಂಡನ್ನು ನಡೆಸುತ್ತಿದ್ದ ಜಹಗೀರುದಾರ ಹೊಯರ್ ಟಂಕಸಾಲೆಯನ್ನು ವಶಪಡಿಸಿಕೊಂಡು, ಹೊಸ ಬಿಷಪ್ಪರು ಬರುವ ಮುನ್ನ ನಾಣ್ಯದಲ್ಲಿ ಬಿಷಪ್ಪರು ಕೂತಿರುತ್ತಿದ್ದ ಪೀಠದ ಮೇಲೆ ತನ್ನ ಮೂರ್ತಿ ಬರಬೇಕೆಂದ.

“ಕೊರೆದು ಬಿಸಾಕ್ರಿ ಅತ್ಲಾಗೆ,” ಎಂದರು ಮಡದಿ ಯೂಟಾ. “ಆ ಮೂತಿ ನೋಡಿ ಜನ ನಾಣ್ಯಾನೇ ಮುಟ್ಟಲ್ಲ.”

“ಕೊರೆದ್ರೆ ಹೊಸಬರು ಖೋಟಾ ಅಂತ ನೇಣು ಹಾಕ್ತಾರೆ, ಕೊರೀದಿದ್ರೆ ಇವನ ಕತ್ತಿ. ಆರಿಸ್ಕೊಳ್ಳೋಕೆ ಎಷ್ಟು ಅನುಕೂಲ ನೋಡೇ!”

ಅವರು ಬರಿದಾದ ಪೀಠವನ್ನು ಕೊರೆದರು. ಹೊಯರ್ ನೋಡುವಷ್ಟರಲ್ಲಿ ನಾಣ್ಯಗಳು ಸಂತೆ ಸೇರಿದ್ದವು.

“ಏಯ್ ಮುದುಕ, ನಾನೆಲ್ಲೋ?”

“ಪೀಠ ಖಾಲಿ ಇದೆ ದೊರೆ. ಇದ್ದದ್ದನ್ನ ಕೊರ್ದಿದೀನಿ.”

“ಎದುರಿಗೇ ನಿಂತಿದೀನಿ, ಕಾಣಲ್ವಾ?”

“ನಿಂತಿರೋದು ಕಾಣ್ತಿದೆ. ಕೂತಿರೋದು ಕಾಣ್ತಿಲ್ಲ.”

ಬೆಳ್ಳಿ ಬಡಿಯುವ ನಮ್ಮದೇ ಅಡಿಗಲ್ಲಿನ ಮೇಲೆ, ನಮ್ಮದೇ ಉಳಿಯಿಂದ, ಅವರ ಬಲಗೈ ಹೆಬ್ಬೆರಳನ್ನು ಕತ್ತರಿಸಲಾಯಿತು. ನಾವೆಲ್ಲರೂ ಅಲ್ಲೇ ನಿಂತು ನೋಡಿದೆವು.

ಹೊಸ ಬಿಷಪ್ಪರು ಬಂದರು, ಹೊಯರ್ ಜೊತೆ ಕೂತು ಹಂದಿಮಾಂಸ ತಿಂದು ರಾಜಿಯಾದರು. ಮುಂದಿನ ವರ್ಷದ ನಾಣ್ಯದಲ್ಲಿ ಇಬ್ಬರೂ ಒಂದೇ ಪೀಠದಲ್ಲಿ ಅಕ್ಕಪಕ್ಕ ಕೂತರು. ಗುರುಗಳ ಬೆರಳಿನ ಮಾತನ್ನು ಯಾರೂ ಎತ್ತಲಿಲ್ಲ. ಬರಿದಾದ ಪೀಠದ ನಾಣ್ಯಗಳೆಲ್ಲ ಕರಗಲು ಮೂಸೆಗೆ ಬಂದಾಗ, ರುಪ್ರೆಖ್ಟ್ ಒಂದನ್ನು ಬೂಟಿನೊಳಗೆ ಸೇರಿಸಿದ.

“ಒಂದಾದ್ರೂ ಉಳೀಲಿ ಗುರುಗಳೇ.”

“ತೆಗೆದು ಹಾಕೋ. ಬೆಳ್ಳಿ ಕಮ್ಮಿ ಬಿದ್ರೆ ನಿನ್ನ ಬೆರಳು ಕೇಳ್ತಾರೆ.”

ಅವನು ಕದಲಲಿಲ್ಲ. ಗುರುಗಳೇ ಬಗ್ಗಿ, ಎಡಗೈಯಿಂದ ಅದನ್ನು ತೆಗೆದು ಮೂಸೆಗೆ ಹಾಕಿದರು.

ಹೆಬ್ಬೆರಳು ಹೋದಮೇಲೆ ಅವರು ಉಳಿ ಹಿಡಿಯಲಿಲ್ಲ. ನಮ್ಮ ಕೈಗಳಲ್ಲಿ ಹಿಡಿಸಿದರು. ಭಗವಂತ ಅವರಿಗೆ ದೀರ್ಘಾಯುಸ್ಸು ಕೊಡಲಿ, ದಿನಕ್ಕೊಮ್ಮೆ ಟಂಕಸಾಲೆಯ ಕಡೆ ಕಳಿಸಲಿ. ತಪ್ಪು ಕೊರೆದವರ ತಲೆಗೆ ಮೊಟಕಲು ಆ ಕೈಗೆ ಹೆಬ್ಬೆರಳು ಬೇಕಾಗಿಲ್ಲ.